ಲಾಭ, ಎರಡು, ಮೂರು

ನಮ್ಮ ಅಕ್ಕಿ ಡಬ್ಬಿಯೊಳಗೆ ಒಂದು ಹಿತ್ತಾಳೆಯ ಪಾವು ಇದೆ. ಅಂಚು ಸವೆದು ತೆಳ್ಳಗಾಗಿದೆ, ಒಂದು ಮಗ್ಗುಲಿಗೆ ತಗ್ಗು ಬಿದ್ದಿದೆ. ಹುಬ್ಬಳ್ಳಿಯಿಂದ ಮೆಲ್ಬರ್ನಿಗೆ ಬರುವಾಗ ನಾನು ಹಟ ಹಿಡಿದು ತಂದ ಒಂದೇ ವಸ್ತು ಅದು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಅದನ್ನು ಬೆಳಕಿಗೆ ಹಿಡಿದು ನೋಡಿ, ತಳದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಜೋಳದ ಕಾಳನ್ನು ಚಿಮಟದಿಂದ ಕಿತ್ತು, ಚೇಳಿನ ಮರಿಯೇನೋ ಎಂಬಂತೆ ದೂರ ಹಿಡಿದು ಚೀಲಕ್ಕೆ ಹಾಕಿಕೊಂಡಳು. ಪಾವನ್ನು ಮಾತ್ರ ಮರಳಿ ಕೊಟ್ಟಳು. ಅದರೊಳಗೆ ಇನ್ನೂ ಏನೇನು ಬಂದಿದೆ ಎಂಬುದು ಅವಳ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ.

ಈಗಲೂ ಮೆಲ್ಬರ್ನಿನ ಕ್ರೇಗಿಬರ್ನ್‌ನ ನಮ್ಮ ಅಡಿಗೆಮನೆಯಲ್ಲಿ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ "ಲಾಭ" ಎನ್ನುತ್ತೇನೆ. ಆಮೇಲೆ "ಎರಡು". ಒಂದು ಎಂಬ ಮಾತು ನನ್ನ ಬಾಯಲ್ಲಿ ಬರುವುದೇ ಇಲ್ಲ. ನನ್ನ ಮಗಳು ಸೌಮ್ಯ ಫ್ರಿಜ್ಜಿಗೆ ಒರಗಿ ನಿಂತು, "ಅಮ್ಮಾ, ಇಟ್ಸ್ ಜಸ್ಟ್ ರೈಸ್" ಎಂದು ನಗುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಹುಬ್ಬಳ್ಳಿಯಲ್ಲಿ ನಮ್ಮ ಅವ್ವ ಗಲ್ಲಿಯ ಮನೆಯ ಮುಂಗೋಣೆಯಲ್ಲಿ ಜೋಳ, ಗೋದಿ, ಕಡಲೆ ಇಟ್ಟು ಚಿಲ್ಲರೆಯಾಗಿ ಅಳೆದು ಮಾರುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ನಾಲ್ಕನೆಯ ಇಯತ್ತೆಗೇ ನನ್ನ ಶಾಲೆ ಬಿಡಿಸಿ ಅಳತೆಗೆ ಕೂರಿಸಿದಳು. ಧಾನ್ಯ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ಜಾರದಂತೆ ಅದೇ ಅಂಕಿಯನ್ನು ಬಾಯಲ್ಲೇ ಹಿಡಿದಿರಬೇಕು: "ಹನ್ನೆರಡು, ಹನ್ನೆರಡು, ಹನ್ನೆರಡೂ..." ಎಂದು, ಮುಂದಿನ ಅಳತೆ ಬೀಳುವ ತನಕ. ಜೀವ ಇರುವುದನ್ನು ಬೆರಳು ತೋರಿಸಿ ಎಣಿಸಲೇಬಾರದು. ಇಷ್ಟೇ ನನ್ನ ಗಣಿತ ಶಾಸ್ತ್ರ. ಉಳಿದ ವಿದ್ಯೆಯೆಲ್ಲ ಪುಡಿಕೆ ಕಟ್ಟುವ ರದ್ದಿ ಕಾಗದದಿಂದ ಬಂದದ್ದು. ಸಾಸಿವೆ ಕಟ್ಟುವ ಮುನ್ನ ಕಾಗದ ಓದುತ್ತಿದ್ದೆ. ಗಿರಾಕಿ ಪುಡಿಕೆಯನ್ನು ಕಸಿದುಕೊಂಡು ಹೋಗುತ್ತಿದ್ದ. ಹೀಗಾಗಿ ಎಷ್ಟೋ ಕಥೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

ನನಗಿಂತ ಎಂಟು ವರ್ಷ ಚಿಕ್ಕವಳು ನನ್ನ ತಂಗಿ ಶೈಲಾ. ಅವಳು ಗೋದಿ ಚೀಲದ ಮೇಲೆ ಕುಳಿತು ಓದಿದಳು, ಓದುತ್ತಲೇ ಹೋದಳು. ಧಾರವಾಡದಲ್ಲಿ ಎಂ.ಎ. ಮಾಡಿ, ಸಿಡ್ನಿಗೆ ಬಂದು ಮತ್ತೇನೋ ಓದಿ, ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಟೀಚರಾದಳು. ರೌಸ್ ಹಿಲ್‌ನಲ್ಲಿ ಮನೆ ಮಾಡಿದಳು. ನಾನು ಫಿಟರ್ ಕೆಲಸದ ಗಂಡನ ಹಿಂದೆ ಮೆಲ್ಬರ್ನಿಗೆ ಬಂದವಳು. ನಮ್ಮ ಸಬರ್ಬಿನ ಶಾಲೆಯ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ಚಿಗೆ ಬೆಣ್ಣೆ ಸವರುತ್ತೇನೆ. ಅಕ್ಕತಂಗಿಯರ ನಡುವೆ ಒಂದು ಗಂಟೆಯ ವಿಮಾನದ ದೂರ, ದಿನಾ ಒಂದು ಫೋನು.

ಶೈಲಾ ನಾಲ್ಕು ವರ್ಷ ಅರ್ಜಿ ಬರೆದು, ಪಾಲಕರನ್ನು ಒಪ್ಪಿಸಿ, ಶಾಲೆಯನ್ನು ಒಪ್ಪಿಸಿ ಒಂದು ಪ್ರವಾಸ ಕಟ್ಟಿದ್ದಳು. ಹತ್ತನೆಯ ತರಗತಿಯ ಇಪ್ಪತ್ತೊಂದು ಮಕ್ಕಳನ್ನು ಇಟಲಿಗೆ ಕರೆದೊಯ್ಯುವುದು. ಅದರ ಕೊನೆಯ ಎರಡು ದಿನ ವೆನಿಸ್. ಜೊತೆಗೆ ಬರಬೇಕಿದ್ದ ಒಬ್ಬ ಹುಡುಗಿಯ ತಾಯಿ ಹೊರಡುವ ಕೆಲ ವಾರ ಮೊದಲು ಕಾಲು ಮುರಿದುಕೊಂಡರು. ಶೈಲಾ ಫೋನ್ ಮಾಡಿದಳು.

"ಅಕ್ಕಾ, ನಿನ್ನ ಪೋಲೀಸ್ ಚೆಕ್ ಆಗೇದಲ್ಲ, ಶಾಲಿ ಕ್ಯಾಂಟೀನಿನ ಕೆಲಸಕ್ಕ?"

"ಆಗೇದ. ಯಾಕ, ಯಾರ ಮನೀಗೆ ಕನ್ನ ಹಾಕೂದೈತಿ?"

"ವೆನಿಸ್‌ಗೆ ಬರ್ತೀಯೇನ? ಒಬ್ಬ ಲೇಡಿ ಬೇಕು. ಹುಡುಗೀರ ರೂಮ್ ಕಡೆ ನೋಡಬೇಕು, ಬಸ್ ಹತ್ತಿಸುವಾಗ ಹೆಡ್ ಕೌಂಟ್ ಮಾಡಬೇಕು. ಅಷ್ಟ."

"ನನಗ ಇಂಗ್ಲಿಷ್ ಬರೂದಿಲ್ಲಲ್ಲಾ."

"ಎಣಿಸಾಕ ಬರ್ತೈತಿಲ್ಲ?"

ಬರುತ್ತಿತ್ತು. ಅದೊಂದೇ ಬರುತ್ತಿತ್ತು.

ಆ ವರ್ಷಗಳಲ್ಲಿ ಮೆಲ್ಬರ್ನಿನಲ್ಲಿ ಬರ. ಪೈಪಿನಿಂದ ಹುಲ್ಲಿಗೆ ನೀರು ಬಿಟ್ಟರೆ ದಂಡ. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆವು. ಬಿಳಿಯ ನೆರೆಯವರು ಇದನ್ನು ದೊಡ್ಡ ಕಷ್ಟ ಎಂಬಂತೆ ಹೇಳಿಕೊಳ್ಳುವಾಗ ನನಗೆ ಒಳಗೊಳಗೇ ನಗು. ನಾನು ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಓಣಿಯವಳು. ನಳ ಬರುವ ದಿನ ನಮ್ಮಲ್ಲಿ ಯಾರೂ ಊರಿಗೆ ಹೋಗುತ್ತಿರಲಿಲ್ಲ. ಬ್ಯಾರೆಲ್ಲು, ಹಂಡೆ, ಕೊಡ, ಕೊನೆಗೆ ಅಳತೆಯ ಸೇರುಗಳನ್ನೂ ತುಂಬಿಸಿಡುತ್ತಿದ್ದಳು ಅವ್ವ. ಅಂಥ ಓಣಿಯಿಂದ ಬಂದ ನನ್ನನ್ನು ವೆನಿಸ್ಸಿಗೆ ಕರೆದೊಯ್ದರು ಎಂಬುದನ್ನು ನೀವು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು. ನನ್ನ ತಪ್ಪಿಗೆ ನಾನು ಕೊಡುವ ಸಬೂಬು ಇದೊಂದೇ.

ರೈಲಿನಿಂದ ಇಳಿದು ನಿಲ್ದಾಣದ ಬಾಗಿಲು ದಾಟಿದೆವು. ರಸ್ತೆ ಇರಲಿಲ್ಲ. ನಾನು ಆಟೋ ಸ್ಟ್ಯಾಂಡು, ಬಸ್ಸು, ಕೊನೆಗೆ ಒಂದು ಸೈಕಲ್ಲಾದರೂ ಕಂಡೀತೆಂದು ನೋಡುತ್ತಿದ್ದೇನೆ. ಏಳೆಂಟು ಮೆಟ್ಟಿಲು, ಅದರ ಕೆಳಗೆ ಹಸಿರು ನೀರು. ಮಳೆ ಜಿಟಿಜಿಟಿ ಹಿಡಿದಿತ್ತು. ನೀರಿನ ಆಚೆ ದಂಡೆಯಲ್ಲಿ ಒಂದು ಗುಮ್ಮಟ, ಅದರ ಪಕ್ಕಕ್ಕೆ ಮನೆಗಳು, ಒಂದಕ್ಕೊಂದು ಹೆಗಲು ಕೊಟ್ಟು ಕುಳಿತ ಮನೆಗಳು, ಎಲ್ಲವೂ ನೀರಿನಲ್ಲಿ ಕಾಲಿಟ್ಟುಕೊಂಡು. ಬಣ್ಣ ಸುಲಿದ ಗೋಡೆಗಳ ಮೇಲೆ ಮಳೆ ಇಳಿಯುತ್ತಿತ್ತು, ಇಳಿದದ್ದು ನೇರ ಕಾಲುವೆಗೆ ಸೇರುತ್ತಿತ್ತು. ಒಂದು ಹನಿಯನ್ನೂ ಯಾರೂ ಹಿಡಿದಿಡುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ನನ್ನ ಹಿಂದಿನವರು ನನ್ನ ಬೆನ್ನಿಗೆ ಬಂದು ತಾಗಿದರು.

"ನಡೀ ಅಕ್ಕಾ, ನೀನ ಹಿಂಗ ನಿಂತರ ಹುಡುಗರೇನ ಮಾಡಬೇಕು?" ಎಂದಳು ಶೈಲಾ. ಅವಳ ಕಣ್ಣೂ ತುಂಬಿತ್ತು. ಅವಳೂ ಮೊದಲ ಸಲವೇ ನೋಡುತ್ತಿದ್ದದ್ದು. ಪುಸ್ತಕದಲ್ಲಿ ಇಪ್ಪತ್ತು ವರ್ಷ ಓದಿದ್ದು ಬೇರೆ.

ಎರಡು ದಿನ ಮಳೆ ನಿಲ್ಲಲಿಲ್ಲ, ನನ್ನ ಬಾಯಿ ಮುಚ್ಚಲಿಲ್ಲ. ಇಡೀ ಊರಿನಲ್ಲಿ ಒಂದು ಗಾಲಿ ಇಲ್ಲ! ಕಾಯಿಪಲ್ಲೆ ದೋಣಿಯಲ್ಲಿ ಬರುತ್ತದೆ, ಕಸ ದೋಣಿಯಲ್ಲಿ ಹೋಗುತ್ತದೆ, ಆಂಬ್ಯುಲೆನ್ಸೂ ದೋಣಿ. ಗಾರೆಯವರು ಸಿಮೆಂಟು ಚೀಲ ತಂದು ಇಳಿಸುತ್ತಿದ್ದದ್ದು ಕೂಡ ದೋಣಿಯಿಂದ, ಚೀಲದ ಮೇಲೆ ತಾಡಪತ್ರಿ ಹೊದಿಸಿ, ಥೇಟ್ ನಮ್ಮ ಹಮಾಲರಂತೆ ಬೈದುಕೊಳ್ಳುತ್ತ. ಕೆಸರಿನಲ್ಲಿ ಮರದ ಗೂಟಗಳನ್ನು ಬಡಿದು ಅದರ ಮೇಲೆ ಈ ಊರು ನಿಲ್ಲಿಸಿದ್ದಾರೆ ಎಂದು ಶೈಲಾ ಮಕ್ಕಳಿಗೆ ಹೇಳಿದಳು. ನನಗೆ ಬೇರೆಯಾಗಿ ಕನ್ನಡದಲ್ಲಿ ಹೇಳಿದಳು. ಮಕ್ಕಳಲ್ಲಿ ಕೆಲವರು ಚೂಯಿಂಗ್ ಗಮ್ ಅಗಿಯುತ್ತಿದ್ದರು. ನಾನು ಮಾತ್ರ ಹೆಜ್ಜೆ ಹಗುರ ಮಾಡಿ ನಡೆಯತೊಡಗಿದೆ. ನಗಬೇಡಿ, ಮರದ ಗೂಟ ಎಂದರೆ ಮರದ ಗೂಟವೇ.

ಎರಡನೆಯ ದಿನ ಬೆಳಿಗ್ಗೆ ದೊಡ್ಡ ಚೌಕಕ್ಕೆ ಹೋದೆವು. ಹೋಗುವಾಗ ನೆಲ ಒದ್ದೆ, ಅಷ್ಟೆ. ಚರ್ಚಿನ ಒಳಗೆ ಬಂಗಾರದ ಗೋಡೆ ನೋಡಿ ಹೊರಬರುವಷ್ಟರಲ್ಲಿ ಹಾಸುಗಲ್ಲುಗಳ ನಡುವಿನ ತೂತುಗಳಿಂದ ನೀರು ಮೇಲಕ್ಕೆ ಬರುತ್ತಿತ್ತು. ಸದ್ದಿಲ್ಲ, ಅವಸರವಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಮುಂಚೆ ಏರುತ್ತದಲ್ಲ, ಹಾಗೆ. ಸ್ವಲ್ಪ ಹೊತ್ತಿನಲ್ಲಿ ಚೌಕದ ಒಂದು ಮೂಲೆ ಕನ್ನಡಿಯಾಗಿ, ಅದರಲ್ಲಿ ಚರ್ಚು ತಲೆಕೆಳಗಾಗಿ ನಿಂತಿತು. ಮಂದಿ ಹಲಗೆ ತಂದು ಹಾಸಿದರು, ಬೂಟು ಹಾಕಿಕೊಂಡರು, ತಮ್ಮ ಪಾಡಿಗೆ ಕಾಫಿ ಕುಡಿದರು. ನನಗೆ ಅವ್ವನ ನೆನಪಾಯಿತು. ನೀರಿಗಾಗಿ ಬೆಳತನಕ ಕಾದು ಕೂರುತ್ತಿದ್ದ ಆ ಹೆಣ್ಣುಮಗಳಿಗೆ, ಕರೆಯದೆಯೇ ನೀರು ಬಂದು ಹೊಸ್ತಿಲಲ್ಲಿ ನಿಲ್ಲುವ ಊರೊಂದಿದೆ ಎಂದು ಯಾರಾದರೂ ಹೇಳಿದ್ದರೆ, ಕೊಡ ಹುಡುಕಲು ಎದ್ದುಬಿಡುತ್ತಿದ್ದಳು.

ರೈಲಿಗೆ ಹೊತ್ತಾಗಿತ್ತು. ನೀರುಬಸ್ಸಿನ ಕಟ್ಟೆಗೆ ಬಂದೆವು. ಅದು ತೇಲುವ ಕಟ್ಟೆ, ಕಾಲ ಕೆಳಗೇ ಉಸಿರಾಡುತ್ತಿತ್ತು. ಇನ್ನೊಬ್ಬ ಟೀಚರ್ ಗ್ರೆಗ್ ಮೊದಲು ಹತ್ತಿ ಒಳಗೆ ಹೋದ. ಶೈಲಾ ಹಿಂದೆ ನಿಂತು ಮಕ್ಕಳನ್ನು ಮುಂದೆ ಕಳಿಸುತ್ತಿದ್ದಳು. ನಾನು ದೋಣಿಯ ಬಾಗಿಲಲ್ಲಿ ನಿಂತೆ, ಎಣಿಸಲು. ಮೊದಲ ಹುಡುಗಿ ಹತ್ತಿದಳು. "ಲಾಭ" ಎಂದೆ.

ಆಗ ಆ ದೋಣಿ ಬಂತು. ಯಾರದೋ ಮನೆ ಬದಲಿಸುವ ದೋಣಿ. ಮಂಚ, ಕಪಾಟು, ಕಟ್ಟಿದ ಹಾಸಿಗೆ, ಒಂದು ಹೊಲಿಗೆ ಯಂತ್ರ. ಇಷ್ಟೆಲ್ಲದರ ನಡುವೆ ಕುರ್ಚಿಯ ಮೇಲೆ ಒಬ್ಬ ಮುದುಕಿ ಕೊಡೆ ಹಿಡಿದು ಕುಳಿತಿದ್ದಳು. ಮಡಿಲಲ್ಲಿ ಗೋಡೆ ಗಡಿಯಾರ. ಕೊಡೆಯನ್ನು ತನಗಲ್ಲ, ಗಡಿಯಾರಕ್ಕೆ ಹಿಡಿದಿದ್ದಳು. ಇಡೀ ಸಂಸಾರ ನೀರಿನ ಮೇಲೆ ನನ್ನ ಮುಂದೆ ಮೆಲ್ಲಗೆ ಹಾದುಹೋಯಿತು. "ಲಾಭ, ಲಾಭ, ಲಾಭಾ..." ಎಂದು ಬಾಯಲ್ಲಿ ಹಿಡಿದುಕೊಂಡು, ಬಾಗಿಲ ಕಂಬಿ ಹಿಡಿದು, ಅದು ಸೇತುವೆಯ ಕೆಳಗೆ ಮರೆಯಾಗುವ ತನಕ ನೋಡಿದೆ. ಮಕ್ಕಳು ಕೂಡ ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಹತ್ತತೊಡಗಿದರು, ನಾನು ಎಣಿಕೆ ಮುಂದುವರಿಸಿದೆ. ಕೊನೆಯ ಹುಡುಗ ಹತ್ತಿದಾಗ ನನ್ನ ಬಾಯಿಂದ ಬಂದದ್ದು "ಇಪ್ಪತ್ತು".

ಇಪ್ಪತ್ತೊಂದು ಆಗಬೇಕಿತ್ತು. ಒಂದು ಗಳಿಗೆ ಯೋಚಿಸಿದೆ. ಆ ದೋಣಿ ಹೋದಮೇಲೆ ನಾನು ಎರಡರಿಂದ ಹಿಡಿದೆನೋ, ಮರೆತು ಒಂದರಿಂದ ಹಿಡಿದೆನೋ? ಒಂದರಿಂದ ಹಿಡಿದಿದ್ದರೆ ಮೊದಲಿನ ಲಾಭ ಬೇರೆ ಉಳಿಯಿತು. ಅದನ್ನು ಕೂಡಿಸಿದರೆ ಇಪ್ಪತ್ತೊಂದು. ಸರಿಹೋಯಿತು.

ನಾಲ್ಕನೆಯ ಇಯತ್ತೆಯಿಂದ ಅಳೆದವಳು, ಜೀವಮಾನದಲ್ಲಿ ಲಾಭದ ನಂತರ ಒಂದು ಎಂದವಳಲ್ಲ. ಅಂದೂ ಅನ್ನಲಿಲ್ಲ. ಆದರೆ ಅಂದೆನೆಂದು ನನ್ನನ್ನು ನಾನೇ ನಂಬಿಸಿಕೊಂಡೆ. ಮತ್ತೆ ಎಣಿಸಬೇಕೆಂದರೆ ಒಳಗೆ ಹೋಗಬೇಕು. ಒಳಗೆ ಹೋದರೆ ಬಾಗಿಲ ಬಳಿಯ ಜಾಗ, ಅಲ್ಲಿಂದ ಕಾಣುವ ನೀರು, ಎರಡೂ ತಪ್ಪುತ್ತಿದ್ದವು.

"ಸರಿ ಐತೇನಕ್ಕಾ?" ಎಂದಳು ಶೈಲಾ, ದೋಣಿಗೆ ಕಾಲಿಡುತ್ತ.

"ಸರಿ ಐತಿ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ದೋಣಿಯವನು ಕಂಬಿ ಎಳೆದ. ಹಗ್ಗ ಬಿಚ್ಚಿದ.

ಮೂರು ನಿಲ್ದಾಣ ದಾಟಿದ ಮೇಲೆ ಒಬ್ಬ ಹುಡುಗಿ, "ಹೆಲೆನ್ ಎಲ್ಲಿ?" ಎಂದಳು. ಹೆಲೆನ್ ಎಂದರೆ ಮಾತು ಕಡಿಮೆಯ ಹುಡುಗಿ. ಹದಿನೈದು ವರ್ಷ, ಸದಾ ಚಿತ್ರ ಬರೆಯುವ ಪುಸ್ತಕವೊಂದು ಕಂಕುಳಲ್ಲಿ. ಮೇಲೆ ಕೆಳಗೆ ನೋಡಿದರು. ಹೆಲೆನ್ ಇರಲಿಲ್ಲ.

ಗ್ರೆಗ್ ಉಳಿದವರನ್ನು ಕರೆದುಕೊಂಡು ರೈಲು ನಿಲ್ದಾಣಕ್ಕೆ ಹೋದ. ನಾವಿಬ್ಬರು ಇಳಿದು ಎದುರಿನ ದೋಣಿ ಹಿಡಿದೆವು. ಅದೇ ನೀರು, ಅದೇ ಮನೆಗಳು. ಅರ್ಧ ಗಂಟೆಯ ಹಿಂದೆ ನನ್ನನ್ನು ಮೂಕಳನ್ನಾಗಿ ಮಾಡಿದ್ದ ಆ ಹಸಿರು ನೀರನ್ನು ಈಗ ನೋಡಲಾಗುತ್ತಿರಲಿಲ್ಲ. ರಸ್ತೆಯ ಊರಿನಲ್ಲಿ ಮಗು ತಪ್ಪಿಸಿಕೊಂಡರೆ ಎಲ್ಲೋ ನಿಂತಿರುತ್ತದೆ. ಇಲ್ಲಿ ಪ್ರತಿ ಓಣಿಯ ಕೊನೆಗೂ ನೀರು. ಶೈಲಾ ಕಟ್ಟೆಗೆ ಇಳಿದವಳೇ ಓಡಿದಳು. ಒಂದು ಸೇತುವೆ ಹತ್ತಿ ಇಳಿದರೆ ಇನ್ನೊಂದು, "ಹೆಲೆನ್! ಹೆಲೆನ್!" ನನ್ನ ಸ್ವೆಟರು ಒದ್ದೆಯಾಗಿ ಕಲ್ಲಿನಷ್ಟು ಭಾರವಾಗಿತ್ತು. ಅವ್ವಾ, ಒಂದು ಜೀವ ಉಳಿಸು, ಇನ್ನು ಬಾಯಿ ತೆರೆದು ಏನನ್ನೂ ನೋಡುವುದಿಲ್ಲ ಎಂದು ಹರಕೆ ಹೊತ್ತೆ.

ಕಟ್ಟೆಯಿಂದ ನಾಲ್ಕನೆಯ ಓಣಿಯಲ್ಲಿ ಸಿಕ್ಕಳು. ಒಂದು ಮನೆಯ ತೆರೆದ ಬಾಗಿಲಲ್ಲಿ ಅಡಿಗೆಮನೆಯ ಕುರ್ಚಿಯ ಮೇಲೆ ಕುಳಿತಿದ್ದಳು, ಹೆಗಲ ಮೇಲೆ ಯಾರದೋ ಟವೆಲು. ಒಳಗೆ ಆ ಮನೆಯ ಅಜ್ಜಿ ಅವಳ ಕಾಲುಚೀಲಗಳನ್ನು ಹೀಟರಿನ ಮೇಲೆ ತಿರುವಿ ಹಾಕುತ್ತಿದ್ದಳು, ರೊಟ್ಟಿ ಬೇಯಿಸಿದಂತೆ. ಎದುರು ಮನೆಯ ಮೆಟ್ಟಿಲುಗಳು ನೀರಿನೊಳಗೆ ಇಳಿದು ಕಾಣದಾಗುವುದನ್ನು ಬರೆಯುತ್ತ ಹೆಲೆನ್ ಹಿಂದುಳಿದಿದ್ದಳು. ಅವಳು ಅಳುತ್ತಿರಲಿಲ್ಲ. ಶೈಲಾ ಅವಳನ್ನು ಅಪ್ಪಿಕೊಂಡು ಅತ್ತಳು. ಹುಡುಗಿ ಭುಜದ ಮೇಲಿಂದ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಅಂದಳು: ನನಗೆ ಹೆದರಿಕೆ ಆಗಲಿಲ್ಲ, ಆಂಟಿ ಪ್ರತಿ ಸಲ ಎಣಿಸುತ್ತಾರಲ್ಲ, ಒಂದು ಕಡಿಮೆ ಎಂದು ಗೊತ್ತಾಗಿಯೇ ಆಗುತ್ತದೆ ಅಂದುಕೊಂಡೆ.

ಇಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ.

ಅದನ್ನೇ ನಿಮಗೆ ಹೇಳಬೇಕಾಗಿರುವುದು. ನಿಲ್ದಾಣಕ್ಕೆ ಮರಳಿದಾಗ ರೈಲು ಹೋಗಿತ್ತು. ಗ್ರೆಗ್ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಹೆದರಿದ ಮನುಷ್ಯ. "ಹೂ ಡಿಡ್ ದ ಕೌಂಟ್?" ಎಂದ. ಯಾರು ಎಣಿಸಿದ್ದು? ನಾಲ್ಕು ಸಣ್ಣ ಮಾತು. ಕ್ಯಾಂಟೀನಿನಲ್ಲಿ ದಿನಾ ಇದಕ್ಕಿಂತ ಉದ್ದದ ಮಾತು ಕೇಳಿ ಉತ್ತರ ಕೊಡುವವಳು ನಾನು. ಶೈಲಾ ನನ್ನ ಕಡೆ ನೋಡಿದಳು. ನಾನು ಏನೂ ತಿಳಿಯದ ಹಳ್ಳಿ ಹೆಂಗಸಿನಂತೆ ಮುಖ ಮಾಡಿಕೊಂಡು ಕಾಲುವೆಯ ಕಡೆ ನೋಡಿದೆ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಆ ದಿನ ನನಗೆ ಬಹಳ ಅನುಕೂಲವಾಯಿತು.

"ಐ ಡಿಡ್" ಎಂದಳು ನನ್ನ ತಂಗಿ.

ಹೆಲೆನ್‌ಳ ತಂದೆತಾಯಿ ಶಾಲೆಗೆ ಪತ್ರ ಬರೆದರು. ಬರೆಯದೆ ಇರುತ್ತಾರೆಯೇ? ಮುಂದಿನ ವರ್ಷದ ಪ್ರವಾಸದ ಪಟ್ಟಿಯಲ್ಲಿ ಶೈಲಾಳ ಹೆಸರಿರಲಿಲ್ಲ, ಗ್ರೆಗ್ ಕರೆದೊಯ್ದ. ಅದರ ಮುಂದಿನ ವರ್ಷ ಪ್ರವಾಸವೇ ಇರಲಿಲ್ಲ. ಶೈಲಾ ಒಂದು ಸಲವೂ ನನ್ನೆದುರು ಅದರ ಮಾತೆತ್ತಲಿಲ್ಲ. ದಿನಾ ಫೋನ್ ಮಾಡುತ್ತಿದ್ದಳು. ಮಳೆ ಬಂತೇನು, ರೊಟ್ಟಿ ಹಿಟ್ಟು ಸಿಕ್ಕಿತೇನು, ಸೌಮ್ಯಳ ಪರೀಕ್ಷೆ ಹೇಗಾಯಿತು. ನಾನೂ ಅಷ್ಟೇ. ಅವಳು ಎಂಟು ವರ್ಷದ ಮಗುವಾಗಿದ್ದಾಗಿನಿಂದ ಅವಳ ಫೀಸಿಗಾಗಿ ಜೋಳ ಅಳೆದವಳು ನಾನು, ಅವಳನ್ನು ಸಾಕಿದವಳು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವಳು ನನಗಾಗಿ ಮಾಡಿದ್ದನ್ನು ಮಾತ್ರ ನಾನು ಒಬ್ಬರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಪಾವು ಹಿಡಿದು "ಲಾಭ" ಎಂದಾಗಲೆಲ್ಲ ಅಕ್ಕಿಯ ಬದಲು ಆ ಕಟ್ಟೆ ಕಾಲ ಕೆಳಗೆ ಅಲುಗಿದಂತಾಗುತ್ತಿತ್ತು.

ಮೂರು ವರ್ಷ ಹೀಗೇ ಹೋಯಿತು. ಕಳೆದ ಚಳಿಗಾಲದ ಒಂದು ಸಂಜೆ, ಅಕ್ಕಿ ಅಳೆಯುತ್ತಿದ್ದಾಗಲೇ ಅವಳ ಫೋನ್ ಬಂತು. ಏನಾಯಿತೋ, ಪಾವನ್ನು ಡಬ್ಬಿಯಲ್ಲಿ ಬಿಟ್ಟು ನಿಂತೆ.

"ಶೈಲಾ, ಅವತ್ತ ನಾ ಎಣಿಸಿದ್ದು ಇಪ್ಪತ್ತ."

ಅವಳು ಬಾಯಿ ತೆರೆಯುವ ಮೊದಲೇ ಮುಂದುವರಿಸಿದೆ.

"ಲಾಭ ಬ್ಯಾರೆ ಅಂತ ತಿಳದು ಇಪ್ಪತ್ತೊಂದ ಮಾಡಿಕೊಂಡೆ. ಗೊತ್ತಿದ್ದೂ ಮತ್ತ ಎಣಿಸಲಿಲ್ಲ."

"ನನಗ ಗೊತ್ತೈತಕ್ಕಾ," ಎಂದಳು. "ನೀ ಇಪ್ಪತ್ತ ಅಂದಿದ್ದು ನನಗ ಕೇಳಿಸಿತ್ತು. ನಾನೂ ಹಂಗ ಕೂಡಿಸಿದೆ. ಅಕ್ಕ ಲಾಭದಿಂದ ಹಿಡದಾಳ, ಲಾಭ ಒಂದ, ಮ್ಯಾಲೆ ಇಪ್ಪತ್ತ ಅಂತ. ಎಂ.ಎ. ಮಾಡಿದಾಕಿ ನೋಡು ನಾನು!" ಎಂದು ನಕ್ಕಳು. ಅಳುವಿನ ಪಕ್ಕದ ನಗು ಅದು. "ಅದಕ್ಕ ಐ ಡಿಡ್ ಅಂದೆ. ಸುಳ್ಳೇನ ಹೇಳಲಿಲ್ಲ."

ನನಗೆ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. "ಹಂಗಾರ ನಿನಗ ನನ್ನ ಮ್ಯಾಲೆ ಸಿಟ್ಟಿಲ್ಲ?"

"ಎಣಿಸಿದ್ದಕ್ಕ ಇಲ್ಲ."

"ಮತ್ತ?"

"ಗ್ರೆಗ್ ಕೇಳಿದಾಗ ನೀ ನೀರು ನೋಡಿದಿ," ಎಂದಳು. "ಅದು ಐತಿ ಇನ್ನೂ."

ಅವಳೇ ಮಾತು ತಿರುಗಿಸಿದಳು. ಸ್ಕೂಲ್ ರಜೆಗೆ ನಾನು ಸಿಡ್ನಿಗೆ ಹೋಗುವುದಿತ್ತು. ಮೆಲ್ಬರ್ನಿನ ರಜೆ ಅವರಿಗಿಂತ ಒಂದು ವಾರ ಮೊದಲು. "ಬಂದಾಗ ಒಂದ ದಿನ ನನ್ನ ಕ್ಲಾಸಿನ ಜೊತಿ ಫೆರಿಯಾಗ ಬರ್ತೀಯೇನ? ಸರ್ಕ್ಯುಲರ್ ಕೀಯಿಂದ ಪರಮಟ್ಟಾಕ್ಕ. ಇಪ್ಪತ್ತೇಳ ಹುಡುಗರು. ಎಣಿಸಾಕ ಒಬ್ಬರು ಬೇಕು."

"ನನ್ನನ್ನ ಕರೀತಿಯೇನ?"

"ಮತ್ತ್ಯಾರನ್ನ ಕರೀಲಿ?"

ಹೋದೆ. ಆ ಬೆಳಿಗ್ಗೆ ಸಿಡ್ನಿಯಲ್ಲಿ ಮಳೆ, ಥೇಟ್ ಆ ಮಳೆಯೇ. ಫೆರಿಯ ಕಟ್ಟೆ ಅಲ್ಲಿಯದರ ಹಾಗೆಯೇ ಕಾಲ ಕೆಳಗೆ ಉಸಿರಾಡುತ್ತಿತ್ತು. ನನ್ನ ಬೆನ್ನ ಹಿಂದೆ ಸೇತುವೆ, ಆ ಬಿಳಿ ಹಾಯಿಗಳ ಕಟ್ಟಡ, ಮಂಜು ಮುಸುಕಿದ ನೀರು ಎಲ್ಲ ಇದ್ದವಂತೆ. ಮಕ್ಕಳು ಅತ್ತ ಕ್ಯಾಮೆರಾ ಹಿಡಿಯುತ್ತಿದ್ದರು. ನಾನು ತಿರುಗಲಿಲ್ಲ. ಬಾಗಿಲಲ್ಲಿ ನಿಂತು ಪ್ರತಿ ಮುಖವನ್ನೂ ನೋಡಿದೆ. "ಲಾಭ" ಎಂದೆ, ಗಟ್ಟಿಯಾಗಿ. "ಎರಡು. ಮೂರು." ಮಕ್ಕಳು ನಕ್ಕರು. ಕೊನೆಯವನು ಹತ್ತಿದ. ಇಪ್ಪತ್ತಾರು.

ಲಾಭ ಸೇರಿಯೇ ಇಪ್ಪತ್ತಾರು.

ದೋಣಿಯವನು ಹಗ್ಗಕ್ಕೆ ಕೈಹಾಕಿದ್ದ. "ಸ್ಟಾಪ್!" ಎಂದು ಕೂಗಿದೆ. ಕಟ್ಟೆಯ ಮೇಲಿನ ಮಂದಿಯೆಲ್ಲ ತಿರುಗಿ ನೋಡಿದರು. "ಒನ್ ಮಿಸ್ಸಿಂಗ್! ಬೋಟ್ ನೋ ಗೋ!"

ಒಳಗಿನಿಂದ ಗ್ರೆಗ್ ಓಡಿಬಂದ. ಅವನೂ ಬಂದಿದ್ದ, ಕೂದಲು ಸ್ವಲ್ಪ ಬೆಳ್ಳಗಾಗಿತ್ತು. ಅವನ ಬಾಯಿಂದ ಹಳೆಯ ಮಾತೇ ಬಂತು: "ಹೂ ಡಿಡ್ ದ ಕೌಂಟ್?"

"ಐ," ಎಂದೆ. "ಐ ಕೌಂಟ್."

ಹಿಂದಿನಿಂದ ಶೈಲಾ ಬಂದಳು. ಒಬ್ಬ ಹುಡುಗಿಗೆ ಜ್ವರವಂತೆ, ಮನೆಯಲ್ಲೇ ಇದ್ದಾಳಂತೆ, ನನಗೆ ಹೇಳಲು ಮರೆತಳಂತೆ. ನಿಜವಾಗಿ ಮರೆತಳೋ, ಬೇಕೆಂದೇ ಹೇಳಲಿಲ್ಲವೋ, ನಾನು ಇವತ್ತಿನ ತನಕ ಕೇಳಿಲ್ಲ. ಗ್ರೆಗ್ ನಕ್ಕು, ಹಾಗಾದರೆ ಲೆಕ್ಕ ಸರಿಯಾಗಿದೆ ಎಂದು ಒಳಗೆ ಹೊರಟ.

ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಪಾವಿನ ಅಂಚಿನಿಂದ ಕಾಳು ಚೆಲ್ಲುವಂತೆ ಮಾತು ಒಂದೊಂದಾಗಿ ಬಿತ್ತು.

"ದಟ್ ಡೇ ಆಲ್ಸೋ," ಎಂದೆ. "ವೆನಿಸ್. ನಾಟ್ ಶೈಲಾ. ಐ."

ಗ್ರೆಗ್ ನನ್ನನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಈ ಸಲ ನೀರಿನ ಕಡೆ ಮುಖ ತಿರುಗಿಸಿ ನಿಂತವಳು ನನ್ನ ತಂಗಿ.